ಚಿಕ್ಕಿ ಕಲ್ಲು ತಂದವರು, ಹೊಳ್ಳಿ ನೋಡದವರು

ಕೆಲವರ ಮನೀಗೆ ಬೀಗರು ಬರ್ತಾರ, ಕೆಲವರ ಮನೀಗೆ ಸಾಲದವರು ಬರ್ತಾರ. ನಮ್ಮ ಮನೀಗೆ ಕಲ್ಲು ಬರ್ತಾವ. ಇಪ್ಪತ್ತು ವರ್ಷ ಆತು, ಒಂದನ್ನೂ ನಾ ಕರದಿಲ್ಲ.

ನಾನು ಕುಷ್ಟಗ್ಯಾಗ ಒಂದು ಕಾಲೇಜಿನ ಲ್ಯಾಬಿನ್ಯಾಗ ಅಟೆಂಡರ್. ಬಾಟ್ಲಿ ತೊಳಿಯೋದು, ಬರ್ನರ್ ಹಚ್ಚೋದು, ಹುಡುಗರು ಒಡದ ಗಾಜು ಬಳಿಯೋದು ನನ್ನ ಕೆಲಸ. ಹುಟ್ಟಾ ಅಂಜುಬುರುಕ ಅದೀನಿ, ಮೊದಲ ಹೇಳಿಬಿಡ್ತೀನಿ. ಗೇಟಿನ ಸಪ್ಪಳಾದ್ರ ಹೆಂಡತೀನ ಮುಂದ ಕಳಿಸಿ ನಾನು ಬಾಗಲದ ಹಿಂದ ನಿಂದ್ರೋ ಪೈಕಿ.

ನಮ್ಮ ಕಾಲೇಜಿನ್ಯಾಗ ಒಬ್ಬ ಸರ್ ಇದ್ರು. ಅವರ ಹತ್ರ ಹುಣಸಿ ಬೀಜದಷ್ಟು ಖರೇ ಉಲ್ಕಾಶಿಲೆ ಇತ್ತು, ಆಕಾಶದಿಂದ ಬಿದ್ದದ್ದು. ನಕ್ಷತ್ರಕ್ಕ ಚಿಕ್ಕಿ ಅನ್ನೋ ನಮ್ಮ ಮಂದಿ ಅದಕ್ಕ ಚಿಕ್ಕಿ ಕಲ್ಲು ಅಂತಾರ. ವಿಜ್ಞಾನ ದಿನಾಚರಣಿ ದಿನ ಊರ ಮಂದಿಗೆ ಅದನ್ನ ತೋರಿಸಿ, "ಇಂಥಾದ್ದನ್ನ ಪರದೇಶದಾಗ ಬಂಗಾರಕ್ಕಿಂತ ತುಟ್ಟಿ ಕೊಟ್ಟು ತಗೊಳ್ಳೋರು ಅದಾರ" ಅಂದ್ರು. "ಖರೇದು ಅಂತ ಹೆಂಗ ತಿಳಿತೈತ್ರಿ?" ಅಂತ ಯಾರೋ ಕೇಳಿದ್ರು. ಸರ್ ಪಕ್ಕದಾಗ ಅಯಸ್ಕಾಂತ ಹಿಡಕೊಂಡು ನಿಂತಿದ್ದ ನನ್ನ ಕಡೆ ಕೈ ಮಾಡಿದ್ರು. ಮುಂದಿನ ತಿಂಗಳು ಸರ್‌ಗೆ ವರ್ಗ ಆತು. ಅವರು ಕೈ ಮಾಡಿದ್ದು ಮಾತ್ರ ಇಲ್ಲೇ ಉಳೀತು.

ಹೋಗೋ ಮುಂದ ಸರ್ ಮೂರು ಮಾತು ಹೇಳಿ ಹೋದ್ರು. ಚಿಕ್ಕಿ ಕಲ್ಲು ಅಯಸ್ಕಾಂತಕ್ಕ ಹತ್ತತೈತಿ, ನೋಡಾಕ ಸಣ್ಣದಿದ್ರೂ ವಜ್ಜಾ ಇರತೈತಿ, ಒಳಗ ತೂತು ಇರೂದಿಲ್ಲ. ಕೊಪ್ಪಳದ ಕಡೆ ಕಬ್ಬಿಣ ಕರಗಸೋ ಫ್ಯಾಕ್ಟರಿ ಬ್ಯಾರೆ ಅದಾವ. ಕಬ್ಬಿಣ ಕರಗಿಸಿದ ಮ್ಯಾಲ ಉಳಿಯೋ ಕಿಟ್ಟನೂ ಕರ್ರಗ ಇರತೈತಿ, ವಜ್ಜಾ ಇರತೈತಿ, ಅಯಸ್ಕಾಂತಕ್ಕೂ ಹತ್ತತೈತಿ. ಒಂದು ಮೂಲಿ ತಿಕ್ಕಿ ನೋಡಿದ್ರ ಅಷ್ಟೇ ಒಳಗಿನ ತೂತು ಕಾಣೋದು. ಟಿಪ್ಪರಿನಿಂದ ಉದುರಿದ ಕಿಟ್ಟ ಹೊಲದಾಗ ಸಿಕ್ರ ಸಾಕು, ಚಿಕ್ಕಿ ಹರಕೊಂಡು ಬಿದ್ದೈತಿ ಅಂತ ಕಟಗೊಂಡು ನಮ್ಮ ಮನೀಗೆ ಬರ್ತಾರ.

ನಗೋ ಮಾತು ಅಂತೀರಿ, ನಗ್ರಿ. ಆದ್ರ ಈ ಕಲ್ಲಿನ ಸಲುವಾಗಿ ನನ್ನ ಒಬ್ಬಾಕಿ ಮಗಳ ಲಗ್ನ ಎರಡು ಸರ್ತಿ ತಪ್ಪೇತಿ. ಮೂರನೇದೂ ತಪ್ಪಿದ್ರ ಹೆಂಗ ಅನ್ನೋ ಅಂಜಿಕಿ ಹೊಟ್ಯಾಗ ಇಟಗೊಂಡ ತಿರುಗಾಡೀನಿ.

ಕೌದ್ಯಾಗಿನ ಕೂಸು

ಮೊದಲ ಬಂದವರು ತಳಕಲ್ಲು ಊರಿನವರು. ಜೀಪಿನಿಂದ ಮೂರು ಮಂದಿ ಇಳದ್ರು. ನಡುವಿನ ಹಿರ್ಯಾ ಎದಿಗೆ ಒಂದು ಸಣ್ಣ ಕೌದಿ ಅವಚಿಕೊಂಡಿದ್ದ. ನನ್ನ ಹೆಂಡತಿ, "ಕೂಸಿಗೆ ಆರಾಮಿಲ್ಲೇನ್ರಿ?" ಅಂತ ಕೇಳಿದ್ಳು. ಹಿರ್ಯಾ ಓಣಿ ಕಡೆ ನೋಡಿ, "ಕಿಟಕಿ ಹಾಕ್ರಿ" ಅಂದ.

ಕಿಟಕಿ ಹಾಕಿದ್ನಿ. ಒಬ್ಬಾವ ಬಾಗಲಿಗೆ ಬೆನ್ನು ಹಚ್ಚಿ ನಿಂತ, ಕೈಯಾಗ ಕೊಡ್ಲಿ. ಕೌದಿ ಬಿಚ್ಚಿದ್ರ ಕರೀ ಕಲ್ಲು. ಒಂದು ಮೂಲಿ ತಿಕ್ಕಿದ್ನಿ. ತೂತು ಕಂಡ್ವು. ಕೊಡ್ಲಿ ಮುಂದ "ಕಿಟ್ಟ" ಅನ್ನೋದು ಹೆಂಗ? ನೀರು ಕುಡದು ಬರ್ತೀನಿ ಅಂತ ಒಳಗ ಹೋದ್ನಿ. ಹಂಗ ಮೂರು ಸರ್ತಿ ಹೋಗಿ ಮೂರು ಸರ್ತಿ ನೀರು ಕುಡದ್ನಿ. ನಾಲ್ಕನೇ ಸರ್ತಿ ಎದ್ದಾಗ ನನ್ನ ಹೆಂಡತಿ ಒಳಗಿಂದ ಬಂದು, "ಅಣ್ಣಾರ, ಅದು ಕಿಟ್ಟ ಐತಂತ್ರಿ. ಇವ್ರು ನಿಮ್ಮ ಮುಂದ ಹೇಳಾಕ ಅಂಜಾಕತ್ಯಾರ. ಕೊಡದಾಗಿನ ನೀರು ಮುಗೀತು, ಅದಕ್ಕ ನಾ ಹೇಳಾಕತ್ತೀನಿ" ಅಂದ್ಳು.

ಕೊಡ್ಲಿಯಾವ ಹಿರ್ಯಾನ ಮಾರಿ ನೋಡಿದ. ನಾನು ಕಣ್ಣು ಮುಚ್ಚಿದ್ನಿ. ಕಣ್ಣು ತಗದ್ರ ಹಿರ್ಯಾ ಹೊಳ್ಳಿ ಕೌದಿ ಸುತ್ತಾಕತ್ತಿದ್ದ, ಬಂದಾಗಿನಕಿಂತ ಜೋಪಾನದಲೆ. "ಕಿಟ್ಟಕ್ಕ ಯಾಕ್ರಿ ಕೌದಿ?" ಅಂದ್ನಿ.

"ನೀವು ಯಾರ ಮುಂದೂ ಹೇಳಬ್ಯಾಡ್ರಿ" ಅಂದ ಹಿರ್ಯಾ ಸಣ್ಣ ದನೀಲೆ. "ಈ ಕಲ್ಲು ನಂಬಿ ನನ್ನ ಮಗಗ ಹೆಣ್ಣು ಕೊಡಾಕತ್ತಾರ."

ದೇವರು ಇಟಗೊಂಡ ಅಯಸ್ಕಾಂತ

ಹನುಮನಹಳ್ಯಾಗ ಹನುಮಪ್ಪನ ಬೆಟ್ಟಕ್ಕ ಬರೋ ಮಂದಿಗೆ ಕಾಯಿ, ಊದಿನಕಡ್ಡಿ ಮಾರೋ ಒಬ್ಬಾಕಿ ಅಮ್ಮ ಇದ್ಳು. ಅಂಗಡಿ ಕಂಬಕ್ಕ ತೆಗ್ಗು ತೋಡೋ ಮುಂದ ಕರೀ ಕಲ್ಲು ಸಿಕ್ಕಿತು. ಯಾರೋ ಪ್ರವಾಸಿ ಫೋಟೊ ಹೊಡಕೊಂಡು "ಇದಕ್ಕ ಭಾಳ ರೊಕ್ಕ ಬರತೈತಿ" ಅಂದು ಹೋದ. ಅಮ್ಮ ನನಗ ಹೇಳಿಕಳಿಸಿದ್ಳು.

ನಾನು ಅಲ್ಲಿ ಹೋಗಿ ಮುಟ್ಟೋದ್ರಾಗ ಕಲ್ಲಿಗೆ ಅರಿಷಿಣದ ಭಂಡಾರ, ಕುಂಕುಮ, ಹೂವಿನ ಮಾಲಿ ಎಲ್ಲಾ ಏರಿತ್ತು. "ಚಪ್ಲಿ ಅಲ್ಲೇ ಬಿಡ್ರಿ" ಅಂದ್ರು. ಬಿಟ್ನಿ. "ಒಂದು ಮೂಲಿ ತಿಕ್ಕಿ ನೋಡಬೇಕಾಗತೈತ್ರಿ" ಅಂದ್ನಿ. "ದೇವರ ಮೈ ತಿಕ್ಕತೀಯೇನು?" ಅಂದ ಒಬ್ಬಾವ. ಸುತ್ತ ನಿಂತ ನಲವತ್ತು ಮಂದಿ ನನ್ನ ಮಾರಿ ನೋಡಿದ್ರು.

ಬರೀ ಅಯಸ್ಕಾಂತ ತೋರಿಸಿ ಓಡಿಬಿಡೋಣ ಅಂತ ದಾರಕ್ಕ ಕಟ್ಟಿ ಇಳಿಬಿಟ್ನಿ. ಅದು ಹೋಗಿ ಟಕ್ ಅಂತ ಕಲ್ಲಿಗೆ ಕೂತಿತು. "ಹನುಮಪ್ಪ ಎಳಕೊಂಡ" ಅಂತ ಯಾರೋ ಕಾಯಿ ಒಡದ್ರು, ಮಂದಿ ಅಡ್ಡಬಿದ್ರು. ನಾನು ಅಯಸ್ಕಾಂತ ಕೀಳಾಕ ಕೈ ಚಾಚಿದ್ನಿ. ಅಮ್ಮ ನನ್ನ ಮುಂಗೈ ಹಿಡದ್ಳು. "ಅವ ಇಸಗೊಂಡದ್ದನ್ನ ಹೊಳ್ಳಿ ಬೇಡಬಾರದಪಾ" ಅಂದ್ಳು.

ನಾನೂ ಅಡ್ಡಬಿದ್ದು ಬಂದ್ನಿ. ಅಯಸ್ಕಾಂತ ಕಾಲೇಜಿಂದು. ಮರುದಿನ ಪ್ರಾಕ್ಟಿಕಲ್ ಇತ್ತು, ಪ್ರಿನ್ಸಿಪಾಲರು ಕರಿಸಿ ಕೇಳಿದ್ರು. ನೌಕರಿ ಹೋತು ಅಂತ ತಿಳದು, ಕೈ ಕಟಗೊಂಡು ಎಲ್ಲಾ ಹೇಳಿದ್ನಿ. ಅವರು ಕನ್ನಡಕ ತಗದು ಒರಸಿಕೊಂಡು, "ಇರಲಿ. ಹನುಮಪ್ಪನ ಹತ್ರ ರಸೀದಿ ಏನಾರ ಇಸಗೊಂಡಿಯೇನು?" ಅಂದ್ರು.

ಅಕ್ಕಿ ಎಳಿಯೋ ಕಲ್ಲು

ನನ್ನ ಹೆಂಡತಿ ಅಣ್ಣ ಗಂಗಾವತ್ಯಾಗ ರೈಸ್ ಮಿಲ್ಲಿನ ಹಮಾಲ. ಅವನಿಗೂ ಒಂದು ಕಲ್ಲು ಸಿಕ್ಕಿತು. ಎಲ್ಲಿಂದೋ ಬಂದ ಇಬ್ಬರು ಖರೀದಿದಾರರು ಲಾಡ್ಜಿನ್ಯಾಗ ರೂಮ್ ಹಿಡದು, "ಖರೇ ಚಿಕ್ಕಿ ಕಲ್ಲು ಅಕ್ಕೀನ ತನ್ನ ಕಡೆ ಎಳಕೋತೈತಿ. ಎಳದ್ರ ಕೋಟಿ ಕೊಡ್ತೀವಿ. ಪರೀಕ್ಷಾದ ಖರ್ಚು ಮಾತ್ರ ಮೊದಲ ನೀನ ಕೊಡಬೇಕು" ಅಂದಿದ್ರು. ಅವ ತನ್ನ ಹೆಂಡತಿ ಬಂಗಾರದ ಬೋರಮಾಳ ಸರ ಮಾರಾಕ ನಿಂತಿದ್ದ. "ನೀವು ಲ್ಯಾಬಿನವರು, ಹೋಗಿ ಹತ್ರ ಕುಂದರ್ರಿ" ಅಂತ ನನ್ನ ಹೆಂಡತಿ ನನ್ನ ನೂಕಿದ್ಳು.

ಹೋಗಿ ನೋಡಿದ್ರ ಖರೀದಿದಾರರೊಳಗ ಒಬ್ಬಾವ ಕಾಲಿಂದ ತಲಿ ಮಟ ಬೆಳ್ಳಿ ಬಣ್ಣದ ಕಾಗದದ ಅಂಗಿ ತೊಟ್ಟು ನಿಂತಿದ್ದ. "ಕಲ್ಲಿನಿಂದ ಕಿರಣ ಬರ್ತಾವ. ಅಂಗಿ ಇಲ್ಲದವರ ಮೈ ಸುಡತೈತಿ" ಅಂದ. ಇದು ಮೋಸ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ನಾನು ಮಂಚದ ಕೆಳಗ ಸೇರಿದ್ನಿ. ಕಿರಣ ಸುಳ್ಳ ಇದ್ದೀತು, ಅಂಜಿಕಿ ಖರೇ ಇತ್ತಲ್ಲ.

ತಾಟಿನ್ಯಾಗ ಅಕ್ಕಿ ಹರವಿ ನಡುವ ಕಲ್ಲಿಟ್ರು. ಅರ್ಧ ತಾಸು ಕಾದ್ರು. ಒಂದು ಕಾಳೂ ಮಿಸುಕಲಿಲ್ಲ. ಬೆಳ್ಳಿ ಅಂಗಿಯಾವ, "ಕಲ್ಲು ಛಲೋ ಐತಿ, ಅಕ್ಕಿ ಸರಿ ಇಲ್ಲ. ಬ್ಯಾರೆ ಅಕ್ಕಿ ತರಸಬೇಕು, ಇನ್ನಷ್ಟು ಖರ್ಚಾಗತೈತಿ" ಅಂದ.

ಹೆಂಡತಿ ಅಣ್ಣ ತಾಟಿನ್ಯಾಗಿನ ಅಕ್ಕಿ ಒತ್ತಟ್ಟಿಗೆ ಸರಿಸಿದ. ಆಮ್ಯಾಲ ಕಲ್ಲು ಎತ್ತಿ ಹೆಗಲ ಮ್ಯಾಲಿನ ವಸ್ತ್ರದಾಗ ಕಟಗೊಂಡ. "ಸಾಹೇಬ್ರ, ಮೂವತ್ತು ವರ್ಷ ಅಕ್ಕಿ ಚೀಲ ಹೊತ್ತೀನಿ" ಅಂದ. "ಅಕ್ಕಿ ತಾನಾಗಿ ಎದ್ದು ಬರೂದಿದ್ರ ನನ್ನ ಬೆನ್ನು ಯಾಕ ಬಾಗತಿತ್ತು?"

ಶನಿವಾರದ ಕಾಣಿಕಿ

ಆಮ್ಯಾಲ ಕುಷ್ಟಗಿ ಸಂತ್ಯಾಗ ಒಬ್ಬ ಶಾಸ್ತ್ರ ಹೇಳಾವ, "ಆಕಾಶದಿಂದ ಬಿದ್ದದ್ದು ಶನಿ ಕಲ್ಲು, ಇಟಗೊಂಡವರ ಮನಿ ಹಾಳಾಗತೈತಿ" ಅಂದುಬಿಟ್ಟ. ಅಲ್ಲೀತನಕ ಮಾರಾಕ ಬರತಿದ್ದ ಕಲ್ಲು, ಈಗ ಬಿಟ್ಟು ಹೋಗಾಕ ಬರಾಕತ್ವು. ಶನಿವಾರ ಮುಂಜಾನೆ ಕರೀ ಅರಿಬ್ಯಾಗ ಎಳ್ಳು ಕೂಡ ಕಟ್ಟಿ ನಮ್ಮ ಕಂಪೌಂಡಿನೊಳಗ ಇಡೋದು, ಹೊಳ್ಳಿ ನೋಡದ ಹೋಗೋದು. ಹೊಳ್ಳಿ ನೋಡಿದ್ರ ಶನಿ ಬೆನ್ನು ಹತ್ತತಾನ ಅಂತ ನಂಬಿಕಿ.

ಒಂದಿನ ಧೈರ್ಯ ಮಾಡಿ ಕಲ್ಲು ಹಿಡಕೊಂಡು ಒಬ್ಬನ ಹಿಂದ ಓಡಿದ್ನಿ. "ಅಣ್ಣಾ, ನಿಮ್ಮ ಕಲ್ಲು ತಗೊಂಡು ಹೋಗ್ರಿ" ಅಂದ್ನಿ. ಅವ ಹೊಳ್ಳಿ ನೋಡದ ಬಸ್ ಸ್ಟ್ಯಾಂಡ್ ಮಟ ಓಡಿ, ಯಾವ ಊರಿಂದು ಅಂತನೂ ನೋಡದ ಸಿಕ್ಕ ಬಸ್ ಹತ್ತಿದ.

ನನ್ನ ಹೆಂಡತಿ ಬಂದ ಕಲ್ಲೆಲ್ಲಾ ಕೂಡಿಸಿ ಹಿತ್ತಲದಾಗ ಅರಿಬಿ ಒಗಿಯೋ ಕಟ್ಟಿ ಮಾಡಿದ್ಳು. "ಶನಿ ಮ್ಯಾಲ ಅರಿಬಿ ಒಗೀತಿಯೇನ?" ಅಂದ್ನಿ. "ಕಿಟ್ಟ ಅಂತ ನೀವ ಹೇಳತೀರಿ, ಶನಿ ಅಂತ ನೀವ ಅಂಜತೀರಿ. ಎರಡ್ರಾಗ ಒಂದು ಹಿಡೀರಿ" ಅಂದ್ಳು. ನಾನು ಎರಡೂ ಹಿಡದು ಕುಂತ್ನಿ.

ಮಗಳು ಬಿ.ಎಸ್ಸಿ. ಮುಗಿಸಿ ಸಾಲ್ಯಾಗ ಕಲಸ್ತಾಳ. ಮೊದಲ ನೋಡಾಕ ಬಂದವರು ಓಣ್ಯಾಗ ಶನಿ ಮಾತು ಕೇಳಿ ಗೇಟಿನಿಂದನ ಹೊಳ್ಳಿ ಹೋದ್ರು. ಅವತ್ತು ಮಗಳು ಉಟ್ಟ ಹೊಸ ಸೀರಿ ಮಡಚಿ ಇಡೋದು ನೋಡಲಾರದ ನಾನು ಹಿತ್ತಲಕ್ಕ ಹೋದ್ನಿ. ಎರಡನೇದವರು ಎಲ್ಲಾ ಒಪ್ಪಿ, ಆಮ್ಯಾಲ ಫೋನ್ ಮಾಡಿದ್ರು. "ಹುಡುಗಿ ಛಲೋ ಅದಾಳ್ರಿ. ಆದ್ರ ಮೂರು ವರ್ಷದ ಹಿಂದ ನಾವ ಒಂದು ಕಲ್ಲು ನಿಮ್ಮ ಮನ್ಯಾಗ ಬಿಟ್ಟು ಬಂದೀವಿ. ಅದು ಹುಡುಗಿ ಬೆನ್ನು ಹತ್ತಿ ಹೊಳ್ಳಿ ನಮ್ಮ ಮನೀಗೆ ಬಂದ್ರ ಏನ್ ಮಾಡೋದ್ರಿ?"

ಮೂರು ಕೀಲಿ

ಮೂರನೇ ಸಂಬಂಧ ಯಲಬುರ್ಗಾ ಕಡೆಯವರದು. ಹುಡುಗಗ ಮುನಿರಾಬಾದಿನ್ಯಾಗ ನೌಕರಿ. ನೋಡಾಕ ಬರೋ ದಿನ ನಾನು ಹಿತ್ತಲದ ಕಲ್ಲಿನ ಕಟ್ಟಿ ಮ್ಯಾಲ ಎರಡು ಕೌದಿ ಹಾಸಿ ಮುಚ್ಚಿದ್ನಿ. "ಯಾರ ಬಾಯಾಗೂ ಕಲ್ಲಿನ ಮಾತು ಬರಬಾರದು" ಅಂತ ಹೆಂಡತಿ, ಮಗಳಿಗೆ ಕೈ ಮುಗದ್ನಿ.

ಹುಡುಗ, ಅವರಪ್ಪ, ಇಬ್ರು ಕಾಕಾಗಳು ಬಂದ್ರು. ಹುಡುಗ ಹುಡುಗಿ ಮಾತಾಡಿದ್ರು, ಇಬ್ರಿಗೂ ಮನಸ್ಸಾದಂಗ ಕಂಡಿತು. ಎಲ್ಲಾ ಸುಸೂತ್ರ ಆತು ಅನ್ನೋದ್ರಾಗ ಹುಡುಗನ ಅಪ್ಪ ಎದ್ದು, "ಒಂದು ಮಾತೈತಿ, ಹಿತ್ತಲಕಡೆ ಬರ್ರಿ" ಅಂದ್ರು. ಹಿಂದ ಹಿಂದ ಅವರ ತಮ್ಮಂದಿರೂ ಎದ್ದು ಬಂದ್ರು. ಮೂರೂ ಮಂದಿ ಹೋಗಿ ಸೀದಾ ಕೌದಿ ಹಾಸಿದ ಕಟ್ಟಿ ಮ್ಯಾಲನ ಕುಂತ್ರು.

"ನಿಮ್ಮ ಮನಿ ವಿಷಯ ಕೇಳೀವಿ" ಅಂದ್ರು ಹಿರ್ಯಾರು. ಮುಗೀತು ಅಂದಕೊಂಡ್ನಿ. ಅವರು ಆ ಕಡೆ ಈ ಕಡೆ ನೋಡಿ ಚೀಲದಾಗಿಂದ ಒಂದು ಗಂಟು ತಗದು ನನ್ನ ಮುಂದ ಇಟ್ರು. ಬಿಚ್ಚಿದ್ರ ಕರೀ ಕಲ್ಲು.

"ಹನ್ನೊಂದು ವರ್ಷ ಆತ್ರಿ ಹೊಲದಾಗ ಸಿಕ್ಕು" ಅಂದ್ರು. "ಪೆಟಗ್ಯಾಗ ಇಟ್ಟೀವಿ. ಮೂರು ಕೀಲಿ, ಮೂರು ಮಂದಿ ಹತ್ರ. ಒಬ್ರು ಊರಿಗೆ ಹೋದ್ರ ಉಳದಿಬ್ರಿಗೆ ನಿದ್ದಿ ಇಲ್ಲ. ಒಬ್ರಿಗೊಬ್ರು ಮಾತು ಬಿಟ್ಟೀವಿ, ಊಟ ಬ್ಯಾರೆ ಬ್ಯಾರೆ. ಖರೇನೋ ಸುಳ್ಳೋ, ನೀವ ಹೇಳ್ರಿ."

ಎತ್ತಿ ನೋಡಿದ್ನಿ. ಇಪ್ಪತ್ತು ವರ್ಷದ ಕೈ, ತಿಕ್ಕೋದೂ ಬೇಕಾಗಲಿಲ್ಲ, ನೋಡಿದ ಕೂಡಲೆ ತಿಳೀತು, ಕಿಟ್ಟ. ಹೇಳಿದ್ರ ಹನ್ನೊಂದು ವರ್ಷದ ಆಶಾ ಒಡದ ಸಿಟ್ಟು ನನ್ನ ಮಗಳ ಮ್ಯಾಲ ಬೀಳತೈತಿ. ಹೇಳದಿದ್ರ ಆ ಮೂರು ಕೀಲಿ ಮನ್ಯಾಗ ಆಕಿ ಬಾಳೇ ಮಾಡಬೇಕು. ಬೆವರು ಒರಸಿಕೊಂಡು, "ದೊಡ್ಡ ಊರಿಗೆ ಕಳಸಿ ನೋಡಬೇಕಾಗತೈತ್ರಿ, ಹಿಂಗಂತ ಹೇಳಾಕ..." ಅಂತ ಎಳದ್ನಿ.

ಅಷ್ಟರಾಗ ಮಗಳು ಚಾ ತಂದ್ಳು. ಕಲ್ಲು ನೋಡಿದ್ಳು, ನನ್ನ ಮಾರಿ ನೋಡಿದ್ಳು. ಚಾದ ತಾಟು ಕೆಳಗಿಟ್ಟು, ಕಲ್ಲು ತಗೊಂಡು ಒರಟು ನೆಲಕ್ಕ ಹತ್ತು ಸರ್ತಿ ಗಸಗಸ ತಿಕ್ಕಿ, ಚರಿಗಿ ನೀರು ಹಾಕಿ ತೊಳದು ತೋರಿಸಿದ್ಳು. "ಕಾಕಾರ, ತೂತು ಕಾಣತಾವೇನ್ರಿ? ಇದು ಫ್ಯಾಕ್ಟರಿ ಕಿಟ್ಟ. ನೀವು ಕುಂತ ಕಟ್ಟಿ ತುಂಬ ಇಂಥಾವ ಅದಾವ." ಅಂದಾಕಿನ ಕೌದಿ ಅಂಚು ಎತ್ತಿದ್ಳು.

ಮೂರೂ ಮಂದಿ ಎದ್ದು ನಿಂತ್ರು. ಕಟ್ಟಿ ನೋಡಿದ್ರು, ಒಬ್ರ ಮಾರಿ ಒಬ್ರು ನೋಡಿದ್ರು. ಹಿರ್ಯಾರು ತಮ್ಮ ಕಲ್ಲನ್ನ ಆ ಕಟ್ಟಿ ಮ್ಯಾಲನ ಇಟ್ರು. ಚಾ ಮುಟ್ಟಲಿಲ್ಲ. ಹುಡುಗನ ಕರಕೊಂಡು ಒಬ್ರ ಹಿಂದ ಒಬ್ರು ಗೇಟು ದಾಟಿ ಹೋದ್ರು. ಹುಡುಗ ಮಾತ್ರ ಹೊಳ್ಳಿ ನೋಡಾಕ ಹೋದ, ಅವರಪ್ಪ ಅವನ ಕುತಗಿ ಹಿಡದು ಮುಂದ ತಿರವಿದ್ರು.

ಅವರು ಬಿಟ್ಟು ಹೋದದ್ದು ಶನೀನೋ ಸಂಬಂಧನೋ ನನಗ ತಿಳೀಲಿಲ್ಲ. ಎರಡು ದಿನ ಅನ್ನ ಇಳೀಲಿಲ್ಲ. ಮಗಳ ಮುಂದ ಕುಂದ್ರಾಕೂ ಅಂಜಿದ್ನಿ. ಆಕೀನ ಬಂದು, "ಅಪ್ಪಾ, ಸುಳ್ಳು ಹೇಳಿ ಕೊಟ್ಟಿದ್ರ ನಾ ದಿನಾ ಅಂಜಿ ಬದುಕಬೇಕಾಗಿತ್ತು. ನಿನ್ನಂಗ" ಅಂದ್ಳು. ನನ್ನ ಕಣ್ಣಾಗ ನೀರು ಬಂದ್ವು.

ಮೂರನೇ ದಿನ ಮುಂಜಾನೆ ಫೋನ್ ಬಂತು. ಹೆಂಡತಿ ಕಡೆ ಚಾಚಿದ್ನಿ, ಆಕಿ ಕೈ ಹಿಂದ ಕಟಗೊಂಡ್ಳು. ನಾನ ಎತ್ತಿದ್ನಿ.

"ಬೀಗರ, ಹೆಂಗದೀರಿ?" ಅಂದ್ರು ಹಿರ್ಯಾರು. ಬೀಗರ ಅಂದದ್ದಕ್ಕ ನಾನು ಅಲ್ಲೇ ನೆಲಕ್ಕ ಕುಂತ್ನಿ. "ನಿನ್ನೆ ಮೂರೂ ಮಂದಿ ಒಂದೇ ಕಡೆ ಉಂಡೀವ್ರಿ. ಮೂರೂ ಕೀಲಿ ಬಾವ್ಯಾಗ ಒಗದೀವಿ. ನಮ್ಮ ಮನೀಗೆ ಖರೇ ಮಾತಾಡೋ ಸೊಸಿನ ಬೇಕು. ಕಾಕಾ ಅನ್ನೋದು ಬಿಟ್ಟು ಮಾವಾ ಅನ್ನಾಕ ಹೇಳ್ರಿ. ನಮಗ ಬಂಗಾರ ಬ್ಯಾಡ, ಭಾಂಡೆ ಬ್ಯಾಡ. ಒಂದೇ ಒಂದು ಮಾತು ನೀವು ನಡಸಿಕೊಡಬೇಕು."

ನಾನು ಫೋನ್ ಎರಡೂ ಕೈಲೆ ಹಿಡಕೊಂಡ್ನಿ. "ಏನ್ರಿ ಬೀಗರ?" ಅಂದ್ನಿ.

"ಹುಡುಗೀನ ಕಳಸ್ರಿ. ಆ ಕಲ್ಲು ಮಾತ್ರ ಹೊಳ್ಳಿ ಕಳಸಬ್ಯಾಡ್ರಿ."