ದತ್ತಮೂರ್ತಿ ವಕೀಲರು ಗೆದ್ದ ದಿನ

ನರಸಿಂಹರಾಜಪುರದ ವಕೀಲ ದತ್ತಮೂರ್ತಿಯವರಿಗೆ ತೊಂದರೆ ಶುರುವಾದದ್ದು ಡಾಕ್ಟರ ಒಂದು ಮಾತಿನಿಂದ. ಬಿ.ಪಿ. ಪಟ್ಟಿ ಬಿಚ್ಚುತ್ತಾ ಅವರು, "ಮಾತ್ರೆ ಜಾಸ್ತಿ ಮಾಡೋದಿಲ್ಲ. ಬಾಯಿ ಬದಲಾಯಿಸಿ. ನಾಳೆ ಒಂದು ದಿನ ಯಾರಿಗೂ ಕೆಟ್ಟದ್ದು ಹೇಳ್ಬೇಡಿ," ಎಂದಿದ್ದರು.

ಕಕ್ಷಿದಾರ ಕುರ್ಚಿ ಎಳೆದುಕೊಳ್ಳುವ ಮೊದಲೇ "ಇದು ನಿಲ್ಲೋ ಕೇಸಲ್ಲ" ಎನ್ನುವವರು ದತ್ತಮೂರ್ತಿ. ವಕೀಲಿ ಶುರುಮಾಡಿದ ಮೊದಲ ವರ್ಷ ಒಬ್ಬ ಕೂಲಿಯವನಿಗೆ ಗೆದ್ದೇ ಗೆಲ್ಲುತ್ತೇವೆ ಎಂದು ಭರವಸೆ ಕೊಟ್ಟು ಸೋತಿದ್ದರು. ಅವನು ಒಂದು ಮಾತೂ ಬೈಯದೆ ಕೈಮುಗಿದು ಹೋಗಿದ್ದ. ಆವತ್ತಿನಿಂದ ಅವರಿಗೆ ನಿದ್ದೆಯೂ ಕಡಿಮೆ, ಆಸೆಯೂ ಕಡಿಮೆ.

ಡಾಕ್ಟರ ಮಾತನ್ನು ಮರುದಿನ ಬೆಳಿಗ್ಗೆ ವಕೀಲ ಗಫೂರರ ಕಿವಿಯಲ್ಲಿ ಹೇಳಿದ್ದೇ ತಪ್ಪಾಯಿತು. ಕಾಫಿ ಲೋಟ ಖಾಲಿಯಾಗುವುದರೊಳಗೆ ವಕೀಲರ ಸಂಘಕ್ಕೆಲ್ಲ ಗೊತ್ತಾಗಿತ್ತು.

"ನಾವಿದೀವಲ್ಲ ಮಾರಾಯ್ರೇ! ನಿಮ್ಮನ್ನ ಸುಮ್ನೆ ಬಿಡ್ತೀವಾ?" ಎಂದರು ಗಫೂರ್. ಕಿರಿಯ ವಕೀಲೆ ಮಹಿಮಾ ಕಾವಲಿಗೆ ನಿಂತಳು. ದತ್ತಮೂರ್ತಿ ಬಾಯಿ ತೆರೆದಾಗಲೆಲ್ಲ ಕೆಮ್ಮಿ ಎಚ್ಚರಿಸುವುದು ಅವಳ ಕೆಲಸ.

ಪೊಲೀಸರು ಹಿಡಿದಿಟ್ಟ ಬೈಕು ಬಿಡಿಸಿಕೊಳ್ಳಲು ಸತೀಶ ಬಂದ. ಮಹಿಮಾ ಕೆಮ್ಮಿದಳು. "ಇವತ್ತೇ ಸಿಗುತ್ತೆ," ಎಂದರು ದತ್ತಮೂರ್ತಿ. ಸತೀಶ ಓಡಿಹೋಗಿ ಬೈಕಿಗೆ ಹಾರ, ನಿಂಬೆಹಣ್ಣು ತಂದ. ಅರ್ಜಿ ಮುಂದಿನ ವಾರಕ್ಕೆ ಹೋಯಿತು. ಹಾರ ಹಿಡಿದು, ಹುಡುಗಿ ಕೈಕೊಟ್ಟ ಮದುಮಗನ ಹಾಗೆ ಅವನು ಕೋರ್ಟಿನ ಅಂಗಳದಲ್ಲಿ ನಿಂತ.

ಅಷ್ಟರಲ್ಲಿ ಕಡಹಿನಬೈಲಿನ ಶೇಷಮ್ಮ ಬಂದರು. ಎಪ್ಪತ್ತೆರಡು ವರ್ಷ. ಅಪ್ಪ ಬಿಟ್ಟುಹೋದ ಹತ್ತು ಗುಂಟೆ ಗದ್ದೆಗಾಗಿ ಕೊಪ್ಪದಲ್ಲಿರುವ ತಂಗಿ ಗೋದಾವರಿಯ ಮೇಲೆ ಒಂಬತ್ತು ವರ್ಷದ ಕೇಸು. ತಂಗಿಯ ವಕೀಲರು ಇದೇ ಗಫೂರ್. ಗೋದಾವರಿ ಕೋರ್ಟಿನ ಜಗಲಿಯ ಬೆಂಚಿನ ಆ ತುದಿಯಲ್ಲಿ ಕೂತಿದ್ದರು.

"ಎಂತ ವಕೀಲ್ರೇ, ಇವತ್ತಾದ್ರೂ ಎಂತಾದ್ರೂ ಆಗ್ತದಾ?" ಪ್ರತಿ ವಾಯಿದೆಗೂ ಕೇಳುವಂತೆಯೇ ಶೇಷಮ್ಮ ಕೇಳಿದರು.

ಮಹಿಮಾ ಕ್ಷಯ ಹಿಡಿದವಳಂತೆ ಕೆಮ್ಮಿದಳು.

"ಗೆದ್ದೇ ಗೆಲ್ತೀವಿ ಅಮ್ಮಾ!" ಎಂದು ದತ್ತಮೂರ್ತಿ ಇಡೀ ಜಗಲಿಗೆ ಕೇಳುವಂತೆ ಹೇಳಿಬಿಟ್ಟರು. ಶೇಷಮ್ಮನ ಮುಖ ಬಿಳಿಚಿತು. ಖುಷಿಗೆ ಇರಬೇಕು ಎಂದುಕೊಂಡರು ದತ್ತಮೂರ್ತಿ.

ಗೋದಾವರಿ ಎದ್ದು ಗಫೂರರ ಹತ್ತಿರ ಹೋದರು. "ಇಷ್ಟು ವರ್ಷ ನೀವು ಗೆಲ್ತೀವಿ ಅಂದ್ರಿ, ನಾ ನಂಬ್ಲಿಲ್ಲ. ಯಾವತ್ತೂ ಗೆಲ್ತೀವಿ ಅನ್ನದ ಆ ವಕೀಲ್ರೇ ಗೆಲ್ತೀವಿ ಅಂದ್ಮೇಲೆ ಮುಗೀತಲ್ಲ. ಸೋತು ಕೊಡೋದಕ್ಕಿಂತ ನಾನಾಗೇ ಕೊಟ್ಟೆ ಅಂತಾದ್ರೂ ಇರ್ಲಿ. ಅಕ್ಕಂಗೇ ಬಿಟ್ಬಿಡಿ."

ಗಫೂರ್ ಎಷ್ಟು ಹೇಳಿದರೂ ಕೇಳಲಿಲ್ಲ. ಕೇಸು ಕೂಗಿದಾಗ ನ್ಯಾಯಾಧೀಶರ ಮುಂದೆ ನಿಂತು ಗದ್ದೆ ಅಕ್ಕನದೇ ಎಂದು ಒಪ್ಪಿಕೊಂಡರು. ಊಟದ ಹೊತ್ತಿಗೆ ಶೇಷಮ್ಮನ ಪರ ತೀರ್ಪಾಯಿತು.

ಸಂಘದ ಕೋಣೆಯಲ್ಲಿ ಜಿಲೇಬಿ ಹಂಚಿದರು. ಸೋತ ಗಫೂರರೇ ದತ್ತಮೂರ್ತಿಯವರ ಬಾಯಿಗೆ ಒಂದನ್ನು ತುರುಕಿ, "ನೋಡಿದ್ರಾ, ಒಳ್ಳೆ ಮಾತಿನ ಗುಣ!" ಎಂದರು. ಎಷ್ಟೋ ವರ್ಷಗಳ ಮೇಲೆ ದತ್ತಮೂರ್ತಿ ನಕ್ಕರು. ಒಂದು ಜಿಲೇಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಶೇಷಮ್ಮನನ್ನು ಹುಡುಕಿ ಹೊರಟರು.

ಬೆಂಚಿನಲ್ಲಿ ಶೇಷಮ್ಮ ಒಬ್ಬರೇ ಇದ್ದರು. ಸೆರಗಿನಿಂದ ಕಣ್ಣು ಒರೆಸುತ್ತಿದ್ದರು.

"ಯಾಕಮ್ಮಾ? ಗೆದ್ವಲ್ಲ!"

"ಅವಳು ಕೊಪ್ಪದ ಬಸ್ಸು ಹತ್ತಿದ್ಲು," ಎಂದರು ಶೇಷಮ್ಮ. "ಕೇಸು ಹಾಕಿಸಿದ್ದು ನನ್ನ ಮಗ. ಮಾತು ಬಿಡಿ ಅಂದಿದ್ದು ಇಬ್ಬರ ಮಕ್ಕಳೂ. ಮದುವೆ ಮುಂಜಿಗೂ ಕರೆಯೋ ಹಾಗಿಲ್ಲ. ವಾಯಿದೆ ದಿನ ನೀವೆಲ್ಲ ಒಳಗೆ ಹೋದ್ಮೇಲೆ ಅಕ್ಕ ತಂಗಿ ಈ ಬೆಂಚಲ್ಲಿ ಕೂತು ಒಂದಿಷ್ಟು ಮಾತಾಡ್ತಿದ್ವಿ. ನೀವು ಪ್ರತೀ ಸಲ ಬೇಗ ಆಗೋ ಕೇಸಲ್ಲ ಅಂತಿದ್ರಿ. ಇನ್ನೂ ಸುಮಾರು ವರ್ಷ ಎಳೀತದೆ ಅಂತ ಧೈರ್ಯವಾಗಿದ್ದೆ."

ದತ್ತಮೂರ್ತಿಯವರ ಕೈಯಲ್ಲಿ ಜಿಲೇಬಿಯ ಪಾಕ ಕಾಗದ ದಾಟಿ ಅಂಟತೊಡಗಿತ್ತು. ಅವರು ಬೆಂಚಿನ ಆ ತುದಿಯಲ್ಲಿ ಕೂತರು.

ಶೇಷಮ್ಮ ಮೆಲ್ಲಗೆ ಕೇಳಿದರು: "ಇದರ ಮೇಲೆ ಅಪೀಲು ಹಾಕ್ಬಹುದಾ ವಕೀಲ್ರೇ?"

"ಗೆದ್ದವರಿಗೆ ಅಪೀಲು ಇಲ್ಲ ಅಮ್ಮಾ," ಎಂದರು ದತ್ತಮೂರ್ತಿ.