ಪರೀಕ್ಷೆ ಪಾಸಾದ ಗೋಡೆ

ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದೇ ಒಂದು ಕೋಣೆ. (ಉಳಿದ ಕೋಣೆಗಳಲ್ಲಿ ನನಗೆ ಓಡಾಡಲು ಅನುಮತಿ ಇದೆ, ಅಷ್ಟೆ.) ಆ ಪುಟ್ಟ ಸಾಮ್ರಾಜ್ಯದಲ್ಲಿ ಒಂದು ಮಂಚ, ಒಂದು ಫ್ಯಾನು, ಓದದ ಪುಸ್ತಕಗಳ ಒಂದು ಕಪಾಟು. ಊಟವಾದ ಮೇಲೆ ಬಾಗಿಲು ಹಾಕಿಕೊಂಡು ನಾನು ಅಲ್ಲಿ ಗಾಢ ಚಿಂತನೆ ನಡೆಸುತ್ತಿದ್ದೆ. ನನ್ನಾಕೆ ಅದಕ್ಕೆ ಗೊರಕೆ ಎಂಬ ಕೀಳು ಹೆಸರಿಟ್ಟಿದ್ದಳು.

ಅಂಥ ಕೋಣೆಗೇ ಕುತ್ತು ಬಂತು.

"ರೀ, ಅಮ್ಮ ಮಂಡಿ ಆಪರೇಷನ್ ಆದ್ಮೇಲೆ ಹದಿನೈದು ದಿನ ಇಲ್ಲೇ ಇರ್ತಾರೆ. ನಿಮ್ಮ ಕೋಣೆ ಖಾಲಿ ಮಾಡ್ಕೊಡಿ. ಪಕ್ಕದಲ್ಲೇ ಬಚ್ಚಲಿದೆ, ಅವರಿಗೆ ಅನುಕೂಲ."

ಅತ್ತೆ ನಿವೃತ್ತ ಹೆಡ್‌ಮಿಸ್ಟ್ರೆಸ್. ನಿವೃತ್ತಿಯಾಗಿರುವುದು ಶಾಲೆಯಿಂದ ಮಾತ್ರ.

ಅಳುಮೋರೆ ಹಾಕಿಕೊಂಡು ಕಪಾಟು ಸರಿಸಿದೆ. ನೋಡಿದರೆ, ಹಿಂದೆ ಗೋಡೆಯುದ್ದಕ್ಕೂ ಕಪ್ಪು ಬೂಷ್ಟು! ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನನಗೆ ಆನಂದಬಾಷ್ಪ ಬಂತು. ಮೊಬೈಲಿನಲ್ಲಿ ಹುಡುಕಿದಾಗ ಇನ್ನೊಂದು ಬ್ರಹ್ಮಾಸ್ತ್ರವೂ ಸಿಕ್ಕಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ.

"ನೋಡೇ, ಬರೀ ಬೂಷ್ಟಲ್ಲ" ಎಂದು ದನಿ ತಗ್ಗಿಸಿದೆ. "ಹಳೇ ಮನೆ ಇದು. ಗೋಡೆಗೆ ಹೊಡೆದಿರೋ ಹಲಗೇಲಿ ಆಸ್ಬೆಸ್ಟಾಸ್ ಇರಬಹುದು. ಶುದ್ಧ ಕನ್ನಡದಲ್ಲಿ ಕಲ್ನಾರು! ಅದರ ಧೂಳು ಎದೆಯೊಳಗೆ ಹೋದರೆ ಗತಿಯೇನು? ಅತ್ತೆಯವರನ್ನ ಇಂಥ ಅಪಾಯಕ್ಕೆ ದೂಡೋಕೆ ನನ್ನ ಮನಸ್ಸು ಒಪ್ಪಲ್ಲ. ಅವರ ಮನೇಲೇ ಇರ್ಲಿ, ಬೇಕಾದ್ರೆ ನೀನೇ ಹೋಗಿ ನೋಡ್ಕೊ."

"ಅಲ್ರೀ, ಇಷ್ಟು ವರ್ಷ ನೀವು ಅಲ್ಲೇ ಮಲಗಿದ್ರಲ್ಲ?"

"ನಂದೇನು ಬಿಡು, ಗಟ್ಟಿ ಜೀವ."

ಅವಳು ತಕ್ಷಣ ಅಮ್ಮನಿಗೆ ಫೋನು ಮಾಡಿದಳು. ಸ್ಪೀಕರು ಹಾಕುವ ಅಗತ್ಯವೇ ಬೀಳಲಿಲ್ಲ.

"ಅಯ್ಯೋ, ಅಳಿಯಂದ್ರು ಆ ಕೋಣೇಲಿ ಮಲಗ್ತಾರಾ? ಮೊದ್ಲು ಹೊರಗೆ ಎಳಿ! ಗೋಡೆ ಕೆರೀಬೇಡಿ, ಗುಡಿಸಬೇಡಿ, ಪರೀಕ್ಷೆ ಮಾಡೋರನ್ನ ಕರೆಸಿ. ನೀವಿಬ್ರೂ ಇದನ್ನ ನೆಟ್ಟಗೆ ಮಾಡಲ್ಲ. ಆಪರೇಷನ್ ಆಗಿದ್ದೇ ತಡ, ಬರ್ತೀನಿ."

ಹಾಗೇ ಬಂದರು. ನನ್ನ ಕೋಣೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮೊಹರು ಮಾಡಿಸಿದರು. ನನ್ನಾಕೆಯ ಮಂಚದಲ್ಲಿ ಅತ್ತೆ, ಹಾಲ್‌ನ ಸೋಫಾದಲ್ಲಿ ನಾನು. ಆ ಸೋಫಾ ಮೊಣಕಾಲಿನವರೆಗಿನ ಮನುಷ್ಯನಿಗೆ ಬಹಳ ಆರಾಮ. ಮಿಕ್ಕ ಕಾಲನ್ನು ಎಲ್ಲಿಡಬೇಕು ಎಂದು ಕೇಳಿದ್ದಕ್ಕೆ ಸ್ಟೂಲು ಕೊಟ್ಟರು.

ಪರೀಕ್ಷೆಯವನು ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ಮೂತಿಗೆ ದಪ್ಪ ಮಾಸ್ಕು ಹಾಕಿಕೊಂಡು ಬಂದ. ಧೂಳೇಳದಂತೆ ಗೋಡೆಗೆ ನೀರು ಚಿಮುಕಿಸಿ, ಹಲಗೆಯಿಂದ ಉಗುರಿನಷ್ಟು ಚೂರು ಕತ್ತರಿಸಿ ಚೀಲದಲ್ಲಿ ಹಾಕಿ ಮುಚ್ಚಿದ.

"ಬೂಷ್ಟಿಗೆ ಕಾರಣ ಬಚ್ಚಲ ಪೈಪು ಸಾರ್, ಒಳಗೇ ಸೋರ್ತಿದೆ. ಆಸ್ಬೆಸ್ಟಾಸ್ ವಿಷ್ಯ ಲ್ಯಾಬ್‌ನವರೇ ಹೇಳ್ಬೇಕು. ಅಲ್ಲೀವರೆಗೆ ಮುಟ್ಟಬೇಡಿ."

ಆ ವೇಷ ಕಂಡ ಮೇಲೆ ನನಗೆ ನಿಜಕ್ಕೂ ಭಯವಾಯಿತು. ನಾನೇ ಹುಟ್ಟಿಸಿದ ಗುಮ್ಮ ನನ್ನನ್ನೇ ಹೆದರಿಸಿತು. ಸುಮ್ಮನೆ ಕೆಮ್ಮು ಬರತೊಡಗಿತು. ಅತ್ತೆ ಮಾತ್ರ ವಾಕರ್ ಊರಿಕೊಂಡು ಬಂದು, ನನ್ನ ಬೆನ್ನು ಸವರಿ, ಬಿಸಿನೀರು ಕೊಟ್ಟರು. ನಾಚಿಕೆಯಿಂದ ಅದನ್ನೂ ಸರಿಯಾಗಿ ಕುಡಿಯಲಾಗಲಿಲ್ಲ.

ಕೊನೆಗೆ ಲ್ಯಾಬಿನಿಂದ ಫೋನು ಬಂತು: ಕಲ್ನಾರು ಇಲ್ಲ! ಪೈಪು ಬದಲಾಯಿತು, ಬೂಷ್ಟು ಹಿಡಿದ ಹಲಗೆ ಹೋಗಿ ಹೊಸದು ಬಂತು, ಗಾಳಿಯಾಡಲು ಎಕ್ಸಾಸ್ಟ್ ಫ್ಯಾನು, ಗೋಡೆಗೆ ತಿಳಿ ಹಸಿರು ಬಣ್ಣ. ಹದಿನೈದು ದಿನ ಎಂದೋ ಮುಗಿದಿತ್ತು. ಅತ್ತೆ ವಾಕರ್ ಬಿಟ್ಟು ನಡೆಯುತ್ತಿದ್ದರು. ನಾನು ದಿಂಬು ಕಂಕುಳಲ್ಲಿ ಇಟ್ಟುಕೊಂಡು, ವನವಾಸ ಮುಗಿಸಿದವನ ಗತ್ತಿನಲ್ಲಿ ಕೋಣೆಯತ್ತ ಹೊರಟೆ.

ಬಾಗಿಲು ಹಾಕಿತ್ತು.

"ಶ್! ಅಮ್ಮ ಮಲಗಿದ್ದಾರೆ" ಎಂದು ನನ್ನಾಕೆ ಅಡ್ಡ ಬಂದಳು. "ಇನ್ಮೇಲೆ ಅವರು ಇಲ್ಲೇ ಇರ್ತಾರೆ."

"ಇಲ್ಲೇನಾ? ಅವರ ಮನೆ?"

"ಅದೂ ಹಳೇದೇ ಅಲ್ವೇನ್ರೀ? ಎರಡೂ ಮನೆ ಸೇರಿಸಿದ್ರೂ ಪರೀಕ್ಷೆ ಪಾಸಾದ ಗೋಡೆ ಇರೋದು ಇದೊಂದೇ ಕೋಣೆಗೆ. ಅಮ್ಮನ್ನ ಅಪಾಯಕ್ಕೆ ದೂಡೋಕೆ ಮನಸ್ಸು ಒಪ್ಪಲ್ಲ ಅಂದೋರು ನೀವೇ ತಾನೆ?"

"ಹಾಲ್‌ನ ಗೋಡೆಗೂ ಪರೀಕ್ಷೆ ಆಗಿಲ್ವಲ್ಲೇ! ನಾನು ಅಲ್ಲಿ ಮಲಗಬಹುದಾ?"

"ನಿಮ್ದೇನು ಬಿಡ್ರೀ, ಗಟ್ಟಿ ಜೀವ" ಎಂದು ಸ್ಟೂಲನ್ನು ಸೋಫಾದ ಪಕ್ಕಕ್ಕೆ ಎಳೆದಳು.

ಅಷ್ಟರಲ್ಲಿ ಮುಚ್ಚಿದ ಬಾಗಿಲಿನ ಹಿಂದಿನಿಂದ ಅತ್ತೆಯವರ ಗಾಢ ಚಿಂತನೆ ಕೇಳಿಸತೊಡಗಿತು.