ಪುಟ್ಟ ಚಕ್ರದಿಂದ ಊರಿನ ರಸ್ತೆಗಳು ಉದ್ದವಾದ ಬಗೆ

ಕಳೆದ ವರ್ಷ ನಮ್ಮ ಊರಿನ ರಸ್ತೆಗಳೆಲ್ಲವೂ ಎರಡರಷ್ಟು ಉದ್ದವಾದವು. ಇದಕ್ಕಾಗಿ ಒಂದು ಬುಟ್ಟಿ ಜಲ್ಲಿಯನ್ನೂ ಸುರಿಯಲಿಲ್ಲ, ಒಂದು ಮನೆಯನ್ನೂ ಕೆಡವಲಿಲ್ಲ, ಊರಿನ ಗಡಿಯನ್ನು ಒಂದು ಗೇಣೂ ಆಚೆ ಸರಿಸಲಿಲ್ಲ. ಸಂಶಯವಿರುವವರು ರಸ್ತೆ ಅಳತೆ ಕಚೇರಿಗೆ ಬಂದು ಕಡತ ಕೇಳಬಹುದು. ಕಡತವನ್ನು ತೋರಿಸುವ ಪದ್ಧತಿಯಿಲ್ಲ, ಆದರೆ ಬಂದು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಆ ಕಚೇರಿಯಲ್ಲಿ ಪ್ರಕಟಣೆಗಳನ್ನು ಬರೆಯುವ ಗುಮಾಸ್ತ ನಾನು. ‘ತಕ್ಕದ್ದು’, ‘ಕೂಡದು’ ಎಂಬ ಎರಡು ಪದಗಳ ಮೇಲೆ ನನ್ನ ಸಂಸಾರ ನಿಂತಿದೆ. ಆದ್ದರಿಂದ ಈ ಪ್ರಗತಿ ಹೇಗಾಯಿತೆಂದು ಹೇಳಲು ನನಗಿಂತ ತಕ್ಕವರು ಸಿಗಲಿಕ್ಕಿಲ್ಲ.

ಎಲ್ಲಕ್ಕೂ ಮೂಲ ನಮ್ಮ ನಕ್ಷೆಗಾರ. ನನ್ನೆದುರಿನ ಮೇಜಿನಲ್ಲಿ ಕೂತು ಊರಿನ ರಸ್ತೆಗಳನ್ನು ಕಾಗದದ ಮೇಲೆ ಎಳೆಯುವುದು ಅವನ ಕೆಲಸ. ಕಚೇರಿಯಲ್ಲಿ ಬಲ್ಬು ಬದಲಾಯಿಸಬೇಕಾದಾಗ ಯಾರೂ ಏಣಿ ತರುತ್ತಿರಲಿಲ್ಲ, ಅವನನ್ನೇ ಕರೆಯುತ್ತಿದ್ದರು. ಅಷ್ಟು ಎತ್ತರದ ಆಳು. ಹಾಗಾಗಿ ಅವನಿಗೆ ಏಣಿ ಎಂದೇ ಹೆಸರು ಬಿದ್ದಿತ್ತು.

ಏಣಿಯ ಮನೆ ಊರಿನ ಆ ತುದಿಯಲ್ಲಿ, ಮೂರನೇ ಮಹಡಿಯಲ್ಲಿ. ಬಸ್ಸು ಆ ಕಡೆ ತಲೆ ಹಾಕುವುದಿಲ್ಲ. ಅವನ ಹಳೆಯ ಸೈಕಲ್ಲು ಮೆಟ್ಟಿಲಿನ ತಿರುವಿನಲ್ಲಿ ಹಿಡಿಸದೆ ಕೆಳಗೇ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಕೆಳಗೂ ನಿಂತಿರಲಿಲ್ಲ, ಯಾರೋ ಹೊಡೆದುಕೊಂಡು ಹೋಗಿದ್ದರು. ಆಮೇಲೆ ಅವನು ನಡೆದೇ ಬರುತ್ತಿದ್ದ, ನಡೆದೇ ಹೋಗುತ್ತಿದ್ದ. ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ಬಿಸಿಲಿನಲ್ಲಿ ನೋಡುತ್ತಿದ್ದದ್ದು ಭಾನುವಾರ ಮಾತ್ರ. ಹೀಗಿರುವಾಗ ಅವನು ಪುಟ್ಟ ಚಕ್ರದ, ಮಡಚುವ ಸೈಕಲ್ಲೊಂದನ್ನು ಕೊಂಡ. ಅದರ ಚಕ್ರ ಊಟದ ತಟ್ಟೆಗಿಂತ ತುಸು ದೊಡ್ಡದು, ಅಷ್ಟೆ.

“ಇಷ್ಟು ದುಡ್ಡು ಕೊಟ್ಟು ಅರ್ಧ ಸೈಕಲ್ ತಂದಿದ್ದೀರಲ್ಲ ರೀ, ಉಳಿದರ್ಧ ಯಾವಾಗ ಬರುತ್ತೆ?” ಎಂದು ಹೆಂಡತಿ ಕೇಳಿದಳಂತೆ.

ಮಾರನೇ ಸಂಜೆ ಅವನು ಬಿಸಿಲಿರುವಾಗಲೇ ಮನೆ ಸೇರಿದ. ಸೈಕಲ್ಲನ್ನು ಮಡಚಿ, ಕಂಕುಳಲ್ಲಿ ಇರುಕಿಕೊಂಡು ಮೂರು ಮಹಡಿ ಹತ್ತಿದ. ಬಾಗಿಲು ತೆಗೆದವಳು ಗಾಬರಿಯಾಗಿ, “ಏನ್ರೀ, ಕೆಲಸದಿಂದ ತೆಗೆದುಬಿಟ್ರಾ?” ಎಂದಳಂತೆ. ವಾರ ಕಳೆಯುವಷ್ಟರಲ್ಲಿ, “ಸ್ವಲ್ಪ ಕೊಡಿ ಇಲ್ಲಿ, ಒಂದು ರೌಂಡ್ ಹೋಗಿ ಬರ್ತೀನಿ” ಎಂದು ಅವಳೇ ಕಿತ್ತುಕೊಳ್ಳತೊಡಗಿದಳು. ಸಂಜೆ ಒಬ್ಬರು ಬೀದಿ ಸುತ್ತಿ ಬರುವವರೆಗೆ ಇನ್ನೊಬ್ಬರು ಗೇಟಿನ ಬಳಿ ಕಾಯುವುದು, ಬಂದವರು ಇಳಿಯದೆ ಇನ್ನೊಂದು ಸುತ್ತು ಹೊಡೆಯುವುದು, ಅದಕ್ಕೆ ಜಗಳ. ಮದುವೆಯಾದ ಹೊಸತರಲ್ಲೂ ನಾವು ಇಷ್ಟು ನಕ್ಕಿರಲಿಲ್ಲ ಎಂದು ಅವನೇ ನನಗೆ ಹೇಳಿದ.

ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಕಚೇರಿಯ ವೇಳೆಯಲ್ಲಿ ನೌಕರರು ಖುಷಿಯಾಗಿರುವುದು ಶಿಸ್ತಿಗೆ ಒಳ್ಳೆಯದಲ್ಲವೆಂದು ಮಾತ್ರ ಅನ್ನಿಸಿತು.

ಕಚೇರಿಯ ಸೈಕಲ್ ಸ್ಟ್ಯಾಂಡಿನಲ್ಲಿ ಚಕ್ರ ಸಿಕ್ಕಿಸಲು ಕಬ್ಬಿಣದ ಕಂಬಿಗಳಿವೆ. ಏಣಿಯ ಸೈಕಲ್ಲಿನ ಚಕ್ರ ಅವುಗಳ ನಡುವೆ ತೂರಿ ಆ ಕಡೆಯಿಂದ ಹೊರಗೆ ಬಂತು. ಕಾವಲುಗಾರ ಹುಬ್ಬೇರಿಸಿ, “ಇದು ಸೈಕಲ್ ಅಲ್ಲ ಸ್ವಾಮಿ. ಸೈಕಲ್ಲಾಗಿದ್ರೆ ನಿಲ್ತಿತ್ತು” ಎಂದ. ಅಲ್ಲಿಗೆ ಆ ವಿಷಯ ತೀರ್ಮಾನವಾಯಿತು. ಸೈಕಲ್ಲಲ್ಲದ್ದನ್ನು ಒಳಗೆ ತರಬಾರದೆಂಬ ನಿಯಮ ಇಲ್ಲದ್ದರಿಂದ ಏಣಿ ಅದನ್ನು ಮಡಚಿ ತನ್ನ ಮೇಜಿನ ಕೆಳಗೆ ಇಟ್ಟುಕೊಂಡ. ದಿನವಿಡೀ ಕಾಲಿನಿಂದ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

“ಹಸಿರು ದೀಪ ಬಿದ್ದ ಕೂಡಲೇ ಹಾರುತ್ತೆ ಕಣೋ,” ಎಂದು ನಕ್ಷೆ ಎಳೆಯುತ್ತಲೇ ಶುರು ಮಾಡುತ್ತಿದ್ದ. “ದೊಡ್ಡ ಸೈಕಲ್ಲಿನವರು ಇನ್ನೂ ಪೆಡಲ್ ತಡಕಾಡ್ತಿರ್ತಾರೆ, ನಾನು ಆಗಲೇ ಚೌಕ ದಾಟಿರ್ತೀನಿ. ಸಂದಿಯಲ್ಲಿ ನಾಯಿ ಮಲಗಿದ್ರೆ ಅದನ್ನ ಎಬ್ಬಿಸದೇ ತಿರುಗಿಸ್ಕೊಂಡು ಬರಬಹುದು. ದೊಡ್ಡ ಚಕ್ರ ಒಂದು ಸಲ ತಿರುಗೋ ಅಷ್ಟರಲ್ಲಿ ನಂದು ಎರಡು ಸಲ ತಿರುಗಿರುತ್ತೆ. ಒಂದೇ ದಾರಿ, ಎರಡರಷ್ಟು ಸವಾರಿ!”

ಈ ಕೊನೆಯ ಮಾತನ್ನು ಅವನು ಹೇಳಬಾರದಿತ್ತು. ಅದೇ ಹೊತ್ತಿಗೆ ನಮ್ಮ ಸಾಹೇಬರು ಕೈ ತೊಳೆಯಲು ಆ ಕಡೆ ಬಂದಿದ್ದರು.

ಇಲ್ಲಿ ನಮ್ಮ ಕಚೇರಿಯ ಅಳತೆಯ ಕ್ರಮವನ್ನು ಹೇಳಬೇಕು. ಉದ್ದ ಹಿಡಿಕೆಯ ತುದಿಗೆ ಒಂದು ಸೈಕಲ್ ಚಕ್ರ, ಅದರ ಕಡ್ಡಿಗೆ ಕಟ್ಟಿದ ಕೆಂಪು ಬಟ್ಟೆ. ಇದನ್ನು ರಸ್ತೆಯ ಮೇಲೆ ಉರುಳಿಸುತ್ತ, ಕೆಂಪು ಬಟ್ಟೆ ಎಷ್ಟು ಸಲ ಮೇಲೆ ಬಂತೆಂದು ಎಣಿಸುತ್ತ ಹೋಗುವುದು. ‘ರಸ್ತೆಯ ಉದ್ದವನ್ನು ಸುತ್ತುಗಳಲ್ಲಿ ಹೇಳತಕ್ಕದ್ದು’ ಎಂದು ನಿಯಮವಿದೆ. ಚಕ್ರ ಎಷ್ಟು ದೊಡ್ಡದಿರಬೇಕೆಂದು ನಿಯಮ ಹೇಳುವುದಿಲ್ಲ. ನಿಯಮ ಮಾಡಿದ ಕಾಲದಲ್ಲಿ ಸೈಕಲ್ ಎಂದರೆ ಒಂದೇ ಅಳತೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಡಾಂಬರು ಹಾಕುವವರ ಬಿಲ್ಲು, ನೌಕರರ ಓಡಾಟದ ಭತ್ಯೆ, ಎಲ್ಲಕ್ಕೂ ಈ ಸುತ್ತುಗಳೇ ಆಧಾರ.

ಆ ವರ್ಷ ಅಳತೆ ಚಕ್ರ ತುಕ್ಕು ಹಿಡಿದು ತಿರುಗಲೊಲ್ಲದಾಯಿತು. ಎಣ್ಣೆ ಬೇಕೆಂದು ಉಗ್ರಾಣಕ್ಕೆ ಬರೆದೆವು. ಚಕ್ರ ತಿರುಗುತ್ತಿಲ್ಲವೆಂಬುದನ್ನು ಸ್ಥಳಕ್ಕೆ ಬಂದು ನೋಡಿದ ಮೇಲೆ ಎಣ್ಣೆ ಕೊಡಲಾಗುವುದೆಂದು ಉಗ್ರಾಣದವರು ಬರೆದರು. ನೋಡಲು ಬರಬೇಕಾದವರು ನಿವೃತ್ತರಾಗಿದ್ದರು. ವರ್ಷದ ಅಳತೆ ಮುಗಿಯುವ ಗಡುವು ಹತ್ತಿರ ಬಂದಾಗ ಸಾಹೇಬರು ಏಣಿಯ ಮೇಜಿನ ಬಳಿ ಬಂದು, ಕೆಳಗೆ ಬಗ್ಗಿ, “ಇದನ್ನ ಎರಡು ದಿನ ಕೊಡ್ತೀರೇನ್ರೀ ಕಚೇರಿಗೆ?” ಎಂದರು.

ಏಣಿ ಎದೆಯುಬ್ಬಿಸಿಕೊಂಡು, “ಎರಡು ದಿನ ಯಾಕೆ ಸರ್, ನಾನೇ ಓಡಿಸ್ತೀನಿ!” ಎಂದ. ಸಂಬಳ ತೆಗೆದುಕೊಂಡು ಸವಾರಿ ಮಾಡುವ ಯೋಗ ಎಷ್ಟು ಜನಕ್ಕೆ ಬರುತ್ತದೆ? ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಮೊಣಕಾಲು ಕಿವಿಗೆ ತಾಗಿಸಿಕೊಂಡು, ಗಂಟೆ ಬಾರಿಸುತ್ತ ಅವನು ಸೇತುವೆಯಿಂದ ಮಾರುಕಟ್ಟೆಯವರೆಗೆ ಅಳೆದುಕೊಂಡು ಹೋದ. ಅವತ್ತು ಅವನಷ್ಟು ಸುಖಿ ಸರ್ಕಾರಿ ನೌಕರ ಇನ್ನೊಬ್ಬನಿರಲಿಲ್ಲ.

ಲೆಕ್ಕ ನೋಡಿದರೆ ಸೇತುವೆ ರಸ್ತೆ ಅದರ ಹಿಂದಿನ ವರ್ಷಕ್ಕಿಂತ ಎರಡರಷ್ಟು ಉದ್ದವಾಗಿತ್ತು.

“ಚಕ್ರ ಚಿಕ್ಕದಲ್ವಾ ಸರ್, ಅದಕ್ಕೇ ಸುತ್ತು ಜಾಸ್ತಿ ಬಂದಿದೆ. ಅರ್ಧ ಮಾಡಿದ್ರೆ ಸರಿಹೋಗುತ್ತೆ” ಎಂದ ಏಣಿ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅಂದ್ರೆ ಇಷ್ಟು ವರ್ಷ ಆ ದೊಡ್ಡ ಚಕ್ರ ಅರ್ಧ ರಸ್ತೆ ನುಂಗ್ತಾ ಇತ್ತು ಅಂತಾಯ್ತು!”

ಸಾಹೇಬರ ಕೋಣೆಯಲ್ಲಿ ಡಾಂಬರು ಗುತ್ತಿಗೆದಾರರು ಕೂತಿದ್ದರು. ಅವರು ಸದಾ ಅಲ್ಲೇ ಕೂತಿರುತ್ತಾರೆ, ಕುರ್ಚಿ ಅವರೇ ಕೊಡಿಸಿದ್ದು. ಸೇತುವೆ ರಸ್ತೆಗೆ ಡಾಂಬರು ಹಾಕಿದ ಬಿಲ್ಲು ಇನ್ನೂ ಪಾಸಾಗಿರಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತು. “ನೋಡಿ ಸಾರ್, ಅದಕ್ಕೇ ನನಗೆ ಯಾವಾಗಲೂ ಡಾಂಬರು ಸಾಲ್ತಾ ಇರಲಿಲ್ಲ. ಜನ ನನ್ನ ಕಳ್ಳ ಅಂದ್ರು. ಈ ಪುಟ್ಟ ಚಕ್ರ ನಿಯತ್ತಿನ ಚಕ್ರ ಸಾರ್, ಪ್ರತಿಯೊಂದು ಕಲ್ಲನ್ನೂ ಮಾತಾಡಿಸ್ಕೊಂಡು ಬಂದಿದೆ.”

ಅರ್ಧ ಮಾಡುವ ಮಾತು ಮತ್ತೆ ಬರಲಿಲ್ಲ. ಉಳಿದ ರಸ್ತೆಗಳನ್ನು ಸುತ್ತುವ ಶ್ರಮವೇಕೆಂದು ಹಳೆಯ ಲೆಕ್ಕವನ್ನೇ ಎರಡರಿಂದ ಗುಣಿಸಿದೆವು. ನೌಕರರೆಲ್ಲರ ಮನೆಗಳೂ ಒಂದೇ ಮಧ್ಯಾಹ್ನ ದೂರ ಹೋದವು, ಭತ್ಯೆ ಹತ್ತಿರ ಬಂತು. ಇಂಥ ಒಮ್ಮತವನ್ನು ನಾನು ಕಚೇರಿಯಲ್ಲಿ ಹಿಂದೆ ಕಂಡಿರಲಿಲ್ಲ. ಅವತ್ತೇ ಕೂತು, ಕೈ ನೋವನ್ನೂ ಲೆಕ್ಕಿಸದೆ, ಪ್ರಕಟಣೆ ಬರೆದೆ:

‘ಸಾರ್ವಜನಿಕರ ಗಮನಕ್ಕೆ. ಮೇಜಿನ ಕೆಳಗೆ ದೊರೆತ ಪುಟ್ಟ ಚಕ್ರವನ್ನು ಇಂದಿನಿಂದ ಊರಿನ ಅಧಿಕೃತ ಅಳತೆಯೆಂದು ಭಾವಿಸತಕ್ಕದ್ದು. ಸದರಿ ಚಕ್ರವು ಸವೆದಲ್ಲಿ ರಸ್ತೆಗಳ ಉದ್ದ ಏರುಪೇರಾಗುವ ಸಂಭವವಿರುವುದರಿಂದ ಅದರ ಮೇಲೆ ಯಾರೂ ಸವಾರಿ ಮಾಡಕೂಡದು. ಖಾಸಗಿ ವ್ಯಕ್ತಿಗಳು ಇಂಥ ಚಕ್ರಗಳನ್ನು ಇಟ್ಟುಕೊಂಡಲ್ಲಿ ನಕಲಿ ಅಳತೆ ಇಟ್ಟುಕೊಂಡಂತೆ ಪರಿಗಣಿಸಲಾಗುವುದು. ರಸ್ತೆಗಳು ಉದ್ದವಾಗಿರುವ ಕಾರಣ ಸಾರ್ವಜನಿಕರು ಮನೆಯಿಂದ ಬೇಗ ಹೊರಡತಕ್ಕದ್ದು.’

ಸೈಕಲ್ಲಿಗಾಗಿ ಸಾಹೇಬರ ಕೋಣೆಯ ಹೊರಗೆ ಗಾಜಿನ ಬೀರು ಬಂತು, ಬೀಗ ಬಂತು. ಸಂಜೆ ಏಣಿ ಚೀಲ ಹೆಗಲಿಗೆ ಹಾಕಿಕೊಂಡು ಬೀರುವಿನ ಮುಂದೆ ನಿಂತ.

“ಸರ್, ಮನೆಗೆ ಹೋಗಬೇಕಿತ್ತು. ಬೀಗದ ಕೈ...”

“ಏನ್ರೀ ನೀವು!” ಸಾಹೇಬರಿಗೆ ನಿಜವಾಗಿ ನೋವಾಗಿತ್ತು. “ಇಡೀ ಊರಿನ ಅಳತೆ ಅದು. ಅಳತೆ ಮೇಲೆ ಯಾರಾದ್ರೂ ಕೂತ್ಕೊಂಡು ಮನೆಗೆ ಹೋಗ್ತಾರೇನ್ರೀ?”

“ಅದು ನನ್ನ ಸೈಕಲ್ಲು ಸರ್.”

“ಸೈಕಲ್ಲೇ ಅಲ್ಲ ಅಂತ ಸ್ಟ್ಯಾಂಡಿನವನು ಆವತ್ತೇ ಹೇಳಿದಾನಲ್ಲ. ಅಲ್ಲ, ನಿಮಗೇನು ಕಮ್ಮಿಯಾಗಿದೆ ಈಗ? ಎಲ್ಲರಿಗಿಂತ ದೂರದ ಮನೆ ನಿಮ್ಮದು, ಎಲ್ಲರಿಗಿಂತ ಜಾಸ್ತಿ ಭತ್ಯೆ ನಿಮಗೆ. ಖುಷಿಯಾಗಿ ಹೋಗಿ ಬನ್ನಿ.”

ಏಣಿ ಖುಷಿಯಾಗಿ ನಡೆದುಕೊಂಡು ಹೋದ. ಮಾರನೇ ದಿನ ಬಂದು ಅರ್ಜಿ ಕೊಟ್ಟ. ಅರ್ಜಿಯಲ್ಲಿ ಎರಡು ಮಾತು: ರಸ್ತೆಗಳು ಉದ್ದವಾಗಿಲ್ಲ, ಸೈಕಲ್ಲು ವಾಪಸ್ಸು ಬೇಕು. ನಾನು ಅವನ ಸ್ನೇಹಿತನಾದ್ದರಿಂದ ಅದನ್ನು ಬೇರೆ ಅರ್ಜಿಗಳ ಕೆಳಗಿಡದೆ ನೇರವಾಗಿ ಸಾಹೇಬರ ಮುಂದಿಟ್ಟೆ. ಸಾಹೇಬರು ನ್ಯಾಯವಂತರು. ‘ಅರ್ಜಿದಾರರು ಒಂದು ತಿಂಗಳ ಕಾಲ ಮನೆಗೂ ಕಚೇರಿಗೂ ಖುದ್ದಾಗಿ ನಡೆದು, ದೂರ ಹೆಚ್ಚಾಗಿದೆಯೋ ಇಲ್ಲವೋ ಎಂಬುದನ್ನು ಸ್ವಾನುಭವದಿಂದ ತಿಳಿಸತಕ್ಕದ್ದು. ಹೆಚ್ಚಾಗಿಲ್ಲವೆಂದಲ್ಲಿ ಚಕ್ರವನ್ನು ಹಿಂದಿರುಗಿಸಲಾಗುವುದು’ ಎಂದು ಬರೆದರು. ಇದಕ್ಕಿಂತ ಉದಾರವಾದ ಆದೇಶವನ್ನು ನಾನು ಓದಿಲ್ಲ.

ಆ ತಿಂಗಳು ಬಿಸಿಲು ಜೋರಾಗಿತ್ತು. ಏಣಿ ಬೆಳಿಗ್ಗೆ ಬಂದವನೇ ಬೂಟು ಕಳಚಿ, ಕಾಲನ್ನು ಮೇಜಿನ ಕೆಳಗೆ ಚಾಚುತ್ತಿದ್ದ. ಅಭ್ಯಾಸಬಲದಿಂದ ಆ ಕಾಲು ಸೈಕಲ್ಲನ್ನು ಹುಡುಕುತ್ತಿತ್ತು. ಸಂಜೆ ಬೀರುವಿನ ಮುಂದೆ ಒಂದು ಗಳಿಗೆ ನಿಂತು, ಗಾಜಿನ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿ ಹೊರಡುತ್ತಿದ್ದ. ಹೆಂಡತಿ ಮತ್ತೆ ದೀಪ ಹಚ್ಚಿಕೊಂಡು ಕಾಯತೊಡಗಿದ್ದಳು. “ಗೇಟಿನ ಹತ್ರ ನಿಂತಿದ್ದೆ, ಕತ್ತಲಾಯ್ತು, ಮೇಲೆ ಬಂದುಬಿಟ್ಟೆ” ಎಂದು ದಿನಾ ಹೇಳುತ್ತಾಳೆ ಎಂದ. ಅದನ್ನು ಹೇಳುವಾಗ ಅವನು ನಕ್ಷೆಯಿಂದ ತಲೆ ಎತ್ತಲಿಲ್ಲ. ನನಗೂ ಪಾಪ ಅನ್ನಿಸಿತು, ಆದರೆ ಅರ್ಜಿ ವಿಚಾರಣೆಯಲ್ಲಿರುವಾಗ ನೌಕರರು ಮರುಕ ತೋರಿಸಕೂಡದು.

ಕಚೇರಿ ಮುಗಿದ ಮೇಲೆ ವರಾಂಡದಲ್ಲಿ ಆಗಾಗ ಗಂಟೆಯ ಸದ್ದು ಕೇಳುತ್ತಿತ್ತು. ಸಾಹೇಬರು ಬೀಗ ತೆಗೆದು ಅಳತೆಯನ್ನು ಪರಿಶೀಲಿಸುತ್ತಿದ್ದರು. ವರಾಂಡದ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಕಾಲೆತ್ತಿಕೊಂಡು ಬಹಳ ಹೊತ್ತು ಪರಿಶೀಲಿಸುತ್ತಿದ್ದರು. ಪರಿಶೀಲನೆಯಿಂದ ಚಕ್ರ ಸವೆಯುವುದಿಲ್ಲವೆಂದು ತಿದ್ದುಪಡಿ ಬರೆದುಕೊಟ್ಟವನು ನಾನೇ.

ತಿಂಗಳು ಮುಗಿಯಿತು. ವಿಚಾರಣೆಗೆ ಎಲ್ಲರೂ ಸಾಹೇಬರ ಕೋಣೆಯಲ್ಲಿ ಸೇರಿದ್ದೆವು. ದೂರ ಹೆಚ್ಚಾಗಿಲ್ಲ ಎಂದು ಏಣಿ ಒಂದು ಮಾತು ಹೇಳಿದರೆ ಸಾಕು, ಊರಿನ ರಸ್ತೆಗಳು ಮತ್ತೆ ಮೊದಲಿನಷ್ಟೇ ಆಗಿಬಿಡುತ್ತಿದ್ದವು. ಗುತ್ತಿಗೆದಾರರು ಕುರ್ಚಿಯ ತುದಿಗೆ ಬಂದಿದ್ದರು.

“ನೇರವಾಗಿ ಹೇಳಿ,” ಎಂದರು ಸಾಹೇಬರು. “ನಿಮ್ಮದು ಸುಳ್ಳು ಹೇಳೋ ಬಾಯಲ್ಲ, ನಮಗೆಲ್ಲಾ ಗೊತ್ತು. ಮೊದಲಿಗಿಂತ ದಾರಿ ಜಾಸ್ತಿ ಅನ್ನಿಸ್ತೋ, ಇಲ್ವೋ?”

“ಸರ್, ಅದು ಹಾಗಲ್ಲ. ಮೊದಲು ಸೈಕಲ್ಲಿತ್ತು, ಈಗ...”

“ಯಾಕೆ ಏನು ಅಂತ ಕೇಳ್ಲಿಲ್ಲ ಕಣ್ರೀ. ಅನ್ನಿಸ್ತೋ, ಇಲ್ವೋ?”

ಏಣಿ ತೆರೆದ ಬಾಗಿಲಿನಾಚೆ ಬೀರುವಿನ ಕಡೆ ನೋಡಿದ. ಸೈಕಲ್ಲಿನ ಗಂಟೆಯ ಮೇಲೆ ಬೆಳಕು ಬಿದ್ದಿತ್ತು. ಇಲ್ಲ ಎಂದು ಅವನ ತುಟಿಯವರೆಗೂ ಬಂತು, ನಾನು ನೋಡಿದೆ. ಆದರೆ ಅವನು ಆವತ್ತು ಬೆಳಿಗ್ಗೆ ತಾನೇ ಆ ದಾರಿಯನ್ನು ನಡೆದು ಬಂದಿದ್ದ, ಬೂಟಿನೊಳಗೆ ಹಿಮ್ಮಡಿ ಇನ್ನೂ ಉರಿಯುತ್ತಿತ್ತು.

“ಅನ್ನಿಸ್ತು ಸರ್,” ಎಂದ. “ತುಂಬಾನೇ ಜಾಸ್ತಿ ಅನ್ನಿಸ್ತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಗುತ್ತಿಗೆದಾರರು ಎದ್ದು ಬಂದು ಅವನ ಕೈ ಕುಲುಕಿದರು. ‘ಅರ್ಜಿದಾರರೇ ಒಪ್ಪಿರುವುದರಿಂದ’ ಎಂದು ಬರೆದು ಕಡತ ಮುಚ್ಚಿದೆ.

ಈಗ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ. ನನ್ನ ಮನೆ ಕಚೇರಿಯ ಹಿಂದಿನ ಗೋಡೆಗೆ ಅಂಟಿಕೊಂಡಿದೆಯಾದರೂ ನಾನು ಸಹ ಭತ್ಯೆಗೆ ಮರ್ಯಾದೆ ಕೊಟ್ಟು ಬೇಗ ಹೊರಡುತ್ತೇನೆ. ಏಣಿ ಊರಿನ ಹೊಸ ನಕ್ಷೆ ಬರೆಯುತ್ತಿದ್ದಾನೆ. ರಸ್ತೆಗಳು ಕಾಗದದಲ್ಲಿ ಹಿಡಿಸದೆ ಇನ್ನೊಂದು ಹಾಳೆ ಅಂಟಿಸಿಕೊಂಡಿದ್ದಾನೆ, ಆ ಹಾಳೆಯ ಕಟ್ಟಕಡೆಯಲ್ಲಿ ಅವನ ಮನೆಯಿದೆ. ಮೊನ್ನೆ ಅವನ ಹೆಂಡತಿ ಪ್ರಕಟಣೆಯನ್ನು ಪೂರ್ತಿ ಓದಿದಳಂತೆ. ಅಂದಿನಿಂದ ಅವಳು ಗೇಟಿನ ಬಳಿ ನಿಲ್ಲುವುದನ್ನು ಬಿಟ್ಟಿದ್ದಾಳೆ. ಕತ್ತಲಿರುವಾಗಲೇ ಗಂಡನನ್ನು ಎಬ್ಬಿಸಿ, ಚೀಲ ಕೈಗೆ ಕೊಟ್ಟು, “ಬೇಗ ಹೊರಡಿ ಅಂದ್ರೆ, ಕಚೇರಿ ದೂರ ಆಗಿದೆಯಲ್ಲ” ಎನ್ನುತ್ತಾಳಂತೆ.